ಉಪ್ಪು ಹಾಕಿದವರೇ ಹೇಳಬೇಕು

ಹೊಕ್ಕುಳಿನ ಮೇಲಿಂದ ಕೆಳಹೊಟ್ಟೆಯವರೆಗೆ ತೆರೆದು ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯನ್ನು ತೆಗೆದರೆ ರೋಗಿ ತೆರಬೇಕಾದ ಬೆಲೆ ಇದು: ಒಂದು ಗೇಣಿನುದ್ದದ ಗಾಯ, ಹತ್ತು ದಿನದ ಆಸ್ಪತ್ರೆ ಮಂಚ, ಕೆಮ್ಮು ಬಂದಾಗಲೆಲ್ಲ ಹೊಟ್ಟೆಗೆ ಅವುಚಿಕೊಳ್ಳಲು ಒಂದು ದಿಂಬು, ಎರಡೂವರೆ ಮೂರು ತಿಂಗಳ ದುಡಿಮೆ, ಜೊತೆಗೆ ಮುಂದೊಂದು ದಿನ ಗಾಯದ ಜಾಗವೇ ಸಡಿಲಗೊಂಡು ಕರುಳು ಉಬ್ಬಿಬರುವ ಭಯ. ಅದೇ ಗಡ್ಡೆಯನ್ನು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ರಂಧ್ರಗಳ ಮೂಲಕ ತೆಗೆದರೆ ಬೆಲೆ ಇಳಿಯುತ್ತದೆ: ಕಿರುಬೆರಳು ತೂರುವಷ್ಟರ ನಾಲ್ಕು ತೂತು, ಕರುಳಿನ ತುಂಡನ್ನು ಹೊರಗೆಳೆಯಲು ನಾಲ್ಕು ಬೆರಳಗಲದ ಒಂದು ಸೀಳು, ಐದು ದಿನದ ಮಂಚ, ಒಂದು ತಿಂಗಳ ರಜೆ. ಆಪರೇಷನ್ ಮೇಜಿನ ಮೇಲೆ ಒಂದು ಗಂಟೆ ಹೆಚ್ಚು ಮಲಗಬೇಕು, ಉಪಕರಣಗಳಿಗೆ ಹೆಚ್ಚು ತೆರಬೇಕು, ಅಷ್ಟೆ. ಇದು ರೋಗಿಯ ಕಡೆಯ ಲೆಕ್ಕ. ಶಸ್ತ್ರವೈದ್ಯರ ಕಡೆಯ ಲೆಕ್ಕದಲ್ಲಿ ಒಂದೇ ಒಂದು ಖರ್ಚು ಇದೆ, ಅದನ್ನು ಯಾರೂ ರಸೀದಿಯಲ್ಲಿ ಬರೆಯುವುದಿಲ್ಲ. ರಂಧ್ರದ ಆಪರೇಷನ್ನಿನಲ್ಲಿ ಬೆರಳು ಒಳಗೆ ಹೋಗುವುದಿಲ್ಲ. ಇಪ್ಪತ್ತು ವರ್ಷ ಬೆರಳಿನಿಂದಲೇ ನೋಡಿದವರು ಅಲ್ಲಿ ಅರ್ಧ ಕುರುಡರಾಗುತ್ತಾರೆ.

ಆ ಬೆಲೆಯನ್ನು ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಯಾರೂ ಕೇಳದೆ, ತಾವಾಗಿಯೇ ತೆತ್ತವರು ಈ ಅಭಿನಂದನ ಸಂಪುಟದ ಗೌರವಕ್ಕೆ ಪಾತ್ರರಾದ ಹಿರಿಯರು. ಇನ್ನೂರು ಮಂಚಗಳ ಈ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಕರುಳಿನ ರೋಗಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಅವರನ್ನು ಕಾಗದಪತ್ರಗಳು ಯಾವ ಹುದ್ದೆಯಿಂದ ಕರೆದರೂ, ಗೇಟಿನ ಕಾವಲುಗಾರನಿಂದ ಹಿಡಿದು ಮೇಲ್ವಿಚಾರಕರವರೆಗೆ ಎಲ್ಲರಿಗೂ ಅವರು ಡಾಕ್ಟರಮ್ಮ. ಬೇರೆ ಹೆಂಗಸರೂ ಇಲ್ಲಿ ಡಾಕ್ಟರುಗಳಾಗಿದ್ದರು. ಆದರೆ ಬರೀ ಡಾಕ್ಟರಮ್ಮ ಎಂದರೆ ಒಬ್ಬರೇ.

ಅವರು ಕೆಲಸಕ್ಕೆ ಸೇರಿದಾಗ ಆಸ್ಪತ್ರೆಯಲ್ಲಿ ಇದ್ದದ್ದು ಎರಡು ಆಪರೇಷನ್ ಥಿಯೇಟರ್. ಒಂದರ ನಲ್ಲಿ ಸೋರುತ್ತಿತ್ತು, ಇನ್ನೊಂದರ ದೀಪ ತನಗೆ ಮನಸ್ಸು ಬಂದಾಗ ಮಾತ್ರ ಉರಿಯುತ್ತಿತ್ತು. ಕಿಟಕಿಗಳ ಕೆಳಗಿನ ಅರ್ಧಕ್ಕೆ ಬಿಳಿ ಬಣ್ಣ ಬಳಿದು, ಮೇಲಿನ ಅರ್ಧದಿಂದ ಬೆಳಕು ಬಿಟ್ಟುಕೊಂಡಿದ್ದರು. ಹೊಸದಾಗಿ ಬಂದ ಡಾಕ್ಟರಮ್ಮ ಸೋರುವ ನಲ್ಲಿಯ ಥಿಯೇಟರನ್ನೇ ಆರಿಸಿಕೊಂಡರು. ಕಾರಣ ಕೇಳಿದವರಿಗೆ, ದೀಪವಿಲ್ಲದೆ ಕೆಲಸ ಸಾಗುವುದಿಲ್ಲ, ಹನಿ ಬಿದ್ದರೆ ಬಿದ್ದುಕೊಳ್ಳಲಿ ಎಂದರಂತೆ. ಆದರೆ ನಿಜ ಹೇಳಬೇಕೆಂದರೆ, ಅವರಿಗೆ ದೀಪವೂ ಅಷ್ಟಾಗಿ ಬೇಕಿರಲಿಲ್ಲ. ಹೊಟ್ಟೆಯೊಳಗೆ ಕೈಯಿಟ್ಟ ಮೇಲೆ ಅವರು ಅರೆಗಣ್ಣು ಮುಚ್ಚಿ ಚಾವಣಿಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಬೆರಳುಗಳು ಕರುಳಿನ ಮೇಲೆ ನಿಧಾನವಾಗಿ ನಡೆದುಹೋಗಿ ಒಂದು ಕಡೆ ನಿಲ್ಲುತ್ತಿದ್ದವು. ಗಡ್ಡೆ ಅಲ್ಲಿರುತ್ತಿತ್ತು. ಪಕ್ಕದ ದುಗ್ಧಗ್ರಂಥಿಯ ಗಂಟುಗಳಿಗೆ ರೋಗ ಹಬ್ಬಿದೆಯೇ, ಬೆನ್ನಿನ ಕಡೆ ಅಂಟಿದೆಯೇ, ಯಕೃತ್ತಿನ ಹಿಂಭಾಗದಲ್ಲಿ ಏನಾದರೂ ಗಟ್ಟಿಯಾಗಿದೆಯೇ ಎಂಬುದೆಲ್ಲ ಆ ಬೆರಳುಗಳಿಗೆ ತಿಳಿಯುತ್ತಿತ್ತು. ಅವರ ಬೆರಳ ತುದಿಗೆ ಕಣ್ಣಿದೆ, ಅದಕ್ಕೂ ಕನ್ನಡಕ ಮಾಡಿಸಿಕೊಡಬೇಕು ಎಂದು ಅರಿವಳಿಕೆ ಕೊಡುವ ಡಾಕ್ಟರು ತಮಾಷೆ ಮಾಡುತ್ತಿದ್ದರು.

ಇಷ್ಟು ನಂಬಿಕಸ್ಥ ಬೆರಳುಗಳಿದ್ದರೂ ಡಾಕ್ಟರಮ್ಮ ಅವನ್ನು ಪೂರ್ತಿ ನಂಬುತ್ತಿರಲಿಲ್ಲ. ಕತ್ತರಿಸಿ ತೆಗೆದ ಕರುಳಿನ ತುಂಡನ್ನು ಉಳಿದವರು ನೇರವಾಗಿ ಸೀಸೆಗೆ ಹಾಕಿ ಪರೀಕ್ಷೆಗೆ ಕಳಿಸಿದರೆ, ಇವರು ಪಕ್ಕದಲ್ಲಿ ಒಂದು ಚಿಕ್ಕ ಮೇಜು ಹಾಕಿಸಿಕೊಂಡಿದ್ದರು. ಉಳಿದ ಕರುಳಿನ ಎರಡು ತುದಿಗಳನ್ನು ಸೇರಿಸಿ ಹೊಲಿಯುವ ಮೊದಲು ಆ ಮೇಜಿನ ಬಳಿ ಹೋಗಿ, ತುಂಡನ್ನು ಉದ್ದಕ್ಕೆ ಸೀಳಿ, ತೊಳೆದು, ಗಡ್ಡೆಯಿಂದ ಎರಡೂ ಅಂಚಿಗೆ ಎಷ್ಟು ದೂರವಿದೆಯೆಂದು ಸ್ಟೀಲಿನ ಅಳತೆಪಟ್ಟಿ ಇಟ್ಟು ನೋಡುತ್ತಿದ್ದರು. ಕೆಳಗಿನ ಅಂಚಿಗೆ ಐದು ಸೆಂಟಿಮೀಟರ್ ಒಳ್ಳೆಯ ಕರುಳು ಇರಲೇಬೇಕು. ಇದರಿಂದ ಪ್ರತಿ ಆಪರೇಷನ್ನಿಗೂ ಹತ್ತು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಅಂಗಡಿಯಲ್ಲಿ ಬಟ್ಟೆ ಅಳೆದ ಹಾಗೆ ಅಳೆಯುತ್ತಾರೆ ಎಂದು ಥಿಯೇಟರಿನವರು ಗೊಣಗುತ್ತಿದ್ದರು. ಅಳತೆಪಟ್ಟಿಯನ್ನು ಕುದಿಸಿ ಕೊಡುತ್ತಿದ್ದ ಹಿರಿಯ ಸಿಸ್ಟರ್ ಮಾತ್ರ ಗೊಣಗಲಿಲ್ಲ. ಥಿಯೇಟರಿನ ಜವಾಬ್ದಾರಿ ಹೊತ್ತ ಈ ಸಿಸ್ಟರ್, ಡಾಕ್ಟರಮ್ಮನವರಿಗಿಂತ ಎರಡು ವರ್ಷ ಮೊದಲು ಬಂದವರು; ಕಡಿಮೆ ಮಾತಿನವರು, ಹೇಳಿದ್ದನ್ನು ಎರಡು ಸಲ ಹೇಳದವರು.

ಆ ದಿನಗಳ ಒಂದು ಸಂಗತಿಯನ್ನು ಇಲ್ಲಿ ದಾಖಲಿಸಬೇಕು. ಗುದನಾಳದ ಗಡ್ಡೆ ತೆಗೆದ ಮೇಲೆ ಕೆಲವರಿಗೆ ಮಲ ಹೊರಬರಲು ಹೊಟ್ಟೆಯಲ್ಲಿ ತೂತು ಮಾಡಿ, ಅದರ ಮೇಲೆ ಚೀಲ ಹಾಕಿಕೊಂಡೇ ಬದುಕಬೇಕಾಗುತ್ತದೆ. ಶಾಲೆಯ ಮೇಡಂ ಒಬ್ಬರು ಚೀಲದಿಂದ ತರಗತಿಯಲ್ಲಿ ನಿಲ್ಲಲಾಗುವುದಿಲ್ಲ, ಬಗ್ಗಿದರೆ ಒತ್ತುತ್ತದೆ ಎಂದು ಬಂದು ಅತ್ತರು. ಡಾಕ್ಟರಮ್ಮ ಸಮಾಧಾನ ಹೇಳುವುದರ ಬದಲು ಒಂದು ಚೀಲಕ್ಕೆ ನೀರು ತುಂಬಿಸಿ, ತಮ್ಮ ಹೊಟ್ಟೆಗೇ ಅಂಟಿಸಿಕೊಂಡು, ಮೂರು ದಿನ ಅದರಲ್ಲೇ ಓಡಾಡಿದರು. ಮೂರನೆಯ ದಿನ ವಾರ್ಡಿನ ನಡುವೆ ಬಗ್ಗಿದಾಗ ಅದು ಒಡೆದು ಹೋಯಿತು. ಒದ್ದೆ ಬಟ್ಟೆಯಲ್ಲೇ ನಿಂತು, ಸೊಂಟದ ಪಟ್ಟಿಗಿಂತ ಎರಡು ಬೆರಳು ಮೇಲೆ ತೂತು ಮಾಡಿದ್ದರೆ ಈ ತೊಂದರೆ ಬರುತ್ತಿರಲಿಲ್ಲ ಎಂದು ಸಿಸ್ಟರಿಗೆ ಹೇಳಿದರು. ಅಂದಿನಿಂದ ಆಪರೇಷನ್ನಿನ ಹಿಂದಿನ ದಿನ ರೋಗಿಯನ್ನು ಕೂರಿಸಿ, ಬಗ್ಗಿಸಿ, ನಿಲ್ಲಿಸಿ, ಪೆನ್ನಿನಲ್ಲಿ ಗುರುತು ಹಾಕಿಯೇ ತೂತಿನ ಜಾಗ ಗೊತ್ತು ಮಾಡುವುದು ಈ ಆಸ್ಪತ್ರೆಯ ರೂಢಿಯಾಯಿತು.

ಹೀಗೆ ಹದಿನೆಂಟು ಹತ್ತೊಂಬತ್ತು ವರ್ಷ ನಡೆದುಬಂದ ಕೆಲಸವನ್ನು ಒಬ್ಬ ಹಮಾಲಿಯ ಮಾತು ಬದಲಿಸಿತು. ಲಾರಿಯಿಂದ ಮೂಟೆ ಇಳಿಸುವ ಆತನಿಗೆ ಡಾಕ್ಟರಮ್ಮ ಆರು ವರ್ಷಗಳ ಹಿಂದೆ ಗಡ್ಡೆ ತೆಗೆದಿದ್ದರು. ರೋಗ ಮರಳಿರಲಿಲ್ಲ. ಆದರೆ ಹೊಟ್ಟೆಯ ಗಾಯ ಸಡಿಲಾಗಿ, ಎರಡು ಸಲ ಹೊಲಿದರೂ ನಿಲ್ಲದೆ, ಆತನಿಗೆ ಭಾರ ಎತ್ತುವುದೇ ನಿಷಿದ್ಧವಾಗಿತ್ತು. ಪರೀಕ್ಷೆಗೆ ಬಂದವನಿಗೆ ಎಲ್ಲ ಚೆನ್ನಾಗಿದೆ ಎಂದು ಡಾಕ್ಟರಮ್ಮ ಸಂತೋಷದಿಂದ ಹೇಳಿದರು. ಆತ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಸಿಟ್ಟಿಲ್ಲದೆ ಹೇಳಿದ:

"ರೋಗ ತೆಗೆದ್ರಿ ಡಾಕ್ಟರಮ್ಮ, ನಿಮ್ಮ ಉಪಕಾರ ಮರೆಯಲ್ಲ. ಅದರ ಜೊತೆಗೆ ನನ್ನ ಬೆನ್ನ ಮೇಲಿನ ಮೂಟೆನೂ ತೆಗೆದುಬಿಟ್ರಿ. ಈಗ ಹೆಂಡತಿ ದುಡೀತಾಳೆ, ನಾನು ಬಾಗಿಲು ಕಾಯ್ತೀನಿ."

ಡಾಕ್ಟರಮ್ಮ ಅಂದು ಮಧ್ಯಾಹ್ನದ ಊಟಕ್ಕೆ ಹೋಗಲಿಲ್ಲ. ಹೊರಗಿನಿಂದ ರಂಧ್ರದ ಆಪರೇಷನ್ ಕಲಿತು ಬಂದು ಇದೇ ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆಯುತ್ತಿದ್ದ ಒಬ್ಬ ತರುಣ ವೈದ್ಯರ ಕೋಣೆಗೆ ಹೋದರು. ಅವರು ಇವರ ಶಿಷ್ಯರೇ. ಹೊಲಿಗೆಯ ಗಂಟು ಸಡಿಲ ಹಾಕಿದ್ದಕ್ಕೆ ಒಮ್ಮೆ ಎಲ್ಲರೆದುರು ಇವರಿಂದ ಬೈಸಿಕೊಂಡಿದ್ದವರು. ಗುರುಗಳು ಬಾಗಿಲಲ್ಲಿ ನಿಂತದ್ದು ಕಂಡು ಎದ್ದು ನಿಂತರು. ನೀನು ಕೂತುಕೋ, ಇನ್ನು ಮೇಲೆ ನಿಲ್ಲುವ ಸರದಿ ನನ್ನದು, ಕರುಳನ್ನು ಈ ರೀತಿ ತೆಗೆಯುವುದನ್ನು ಕಲಿಸು ಎಂದರು ಡಾಕ್ಟರಮ್ಮ.

ಕಲಿಯುವವರು ಮೊದಲು ಕ್ಯಾಮೆರಾ ಹಿಡಿಯಬೇಕು. ಅದು ಎಲ್ಲ ಕಡೆಯ ನಿಯಮ. ಹಾಗಾಗಿ ಆಸ್ಪತ್ರೆಯ ಅತಿ ಹಿರಿಯ ಶಸ್ತ್ರವೈದ್ಯರು ಒಂದು ವರ್ಷ ಶಿಷ್ಯನ ಪಕ್ಕ ನಿಂತು ಕ್ಯಾಮೆರಾ ಹಿಡಿದರು. ಕೈ ಅಲುಗಿದರೆ ಪರದೆಯ ಮೇಲೆ ಇಡೀ ಹೊಟ್ಟೆಯೇ ಅಲುಗುತ್ತದೆ. ಶಿಷ್ಯ ಮೆತ್ತಗೆ, "ಮೇಡಂ, ಸ್ವಲ್ಪ ನಿಲ್ಲಿಸ್ತೀರಾ, ನನಗೆ ಹಡಗಲ್ಲಿ ಕೂತ ಹಾಗೆ ಆಗ್ತಿದೆ" ಅನ್ನುತ್ತಿದ್ದರು. ಮನೆಯಲ್ಲಿ ಊಟದ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂತಿತು. ಅದಕ್ಕೆ ತೂತು ಕೊರೆದು, ಮೊಳದುದ್ದದ ಇಕ್ಕಳ ತೂರಿಸಿ, ಒಳಗಿನ ಅವರೆಬೀಜಗಳನ್ನು ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕುವುದು, ದಾರಕ್ಕೆ ಗಂಟು ಹಾಕುವುದು ಬೆಳಗಿನ ಅಭ್ಯಾಸವಾಯಿತು. ಅವರ ಅತ್ತೆಯವರು ಎದುರು ಕುರ್ಚಿಯಲ್ಲಿ ಕೂತು ಬಿದ್ದ ಬೀಜಗಳನ್ನು ಎಣಿಸುತ್ತಿದ್ದರು. "ಇವತ್ತು ಹನ್ನೊಂದು ಬಿತ್ತಮ್ಮ. ನಿನ್ನೆ ಒಂಬತ್ತೇ ಬಿದ್ದಿತ್ತು. ನಿನಗೆ ಹೊಟ್ಟೆ ಕೊಡೋ ಮುಂಚೆ ಆ ರೋಗಿಗಳು ನನ್ನ ಕೇಳಿಕೊಂಡು ಹೋಗಲಿ" ಎಂದು ಅವರು ಹೇಳಿದ್ದನ್ನು ಡಾಕ್ಟರಮ್ಮನೇ ಥಿಯೇಟರಿನಲ್ಲಿ ಹೇಳಿ ನಗಿಸುತ್ತಿದ್ದರು. ಬೀಜ ಒಂದೂ ಬೀಳದ ದಿನ ಅತ್ತೆಯವರು ಸೊಸೆಗೆ ತಾವೇ ಕಾಫಿ ಮಾಡಿಕೊಟ್ಟರಂತೆ.

ಮೂರನೆಯ ವರ್ಷಕ್ಕೆ ಡಾಕ್ಟರಮ್ಮ ಕರುಳಿನ ಗಡ್ಡೆಗಳನ್ನು ರಂಧ್ರದ ಮೂಲಕ ತೆಗೆಯತೊಡಗಿದರು. ಎಲ್ಲರಿಗೂ ಅಲ್ಲ. ಕರುಳು ಪೂರ್ತಿ ಕಟ್ಟಿಕೊಂಡು ಹೊಟ್ಟೆಯುಬ್ಬರಿಸಿ ಬಂದವರಿಗೆ, ಗಡ್ಡೆ ಬೆಳೆದು ಅಕ್ಕಪಕ್ಕಕ್ಕೆ ಅಂಟಿಕೊಂಡವರಿಗೆ, ಹಿಂದೆ ಎರಡು ಮೂರು ಸಲ ಹೊಟ್ಟೆ ತೆರೆದು ಒಳಗೆಲ್ಲ ಅಂಟಾದವರಿಗೆ, ಹೊಟ್ಟೆಗೆ ಗಾಳಿ ತುಂಬಿ ತಲೆ ಕೆಳಗೆ ಮಾಡಿ ಮಲಗಿಸಿದರೆ ತಾಳಲಾರದ ದುರ್ಬಲ ಹೃದಯದವರಿಗೆ ಅವರು ಹಳೆಯ ದಾರಿಯನ್ನೇ ಹೇಳುತ್ತಿದ್ದರು. ಚಿಕ್ಕ ಗಾಯದ ಆಸೆಗೆ ಬಂದವರಿಗೆ ಅವರ ಮಾತು ಇಷ್ಟೇ: ಒಳಗೆ ಮಾಡುವ ಕೆಲಸ ಎರಡರಲ್ಲೂ ಒಂದೇ, ಅಷ್ಟೇ ಕರುಳು ತೆಗೆಯಬೇಕು, ಅಷ್ಟೇ ಗಂಟು ತೆಗೆಯಬೇಕು, ಬದುಕುವ ವರ್ಷಗಳೂ ಅಷ್ಟೇ, ಬೇರೆಯಾಗುವುದು ಒಳಗೆ ಹೋಗುವ ಬಾಗಿಲು ಮಾತ್ರ. ನಡುವೆ ನನಗೆ ಅನುಮಾನ ಬಂದರೆ ದೊಡ್ಡ ಬಾಗಿಲನ್ನೇ ತೆಗೆಯುತ್ತೇನೆ, ಅದಕ್ಕೆ ಈಗಲೇ ಒಪ್ಪಿ.

ಥಿಯೇಟರಿನೊಳಗೂ ಒಂದು ಕಟ್ಟುಪಾಡು ಮಾಡಿದರು. ಹೊಟ್ಟೆ ತೆರೆಯುವ ಉಪಕರಣಗಳ ದೊಡ್ಡ ಟ್ರೇ ಪ್ರತಿ ಸಲವೂ ಸಿದ್ಧವಾಗಿರಬೇಕು. ಇಪ್ಪತ್ತು ನಿಮಿಷ ಕೆಲಸ ಮುಂದೆ ಸಾಗದಿದ್ದರೆ ಹಿರಿಯ ಸಿಸ್ಟರ್ ಗಡಿಯಾರ ನೋಡಿ ಹೇಳಬೇಕು. ಹೇಳಿದ ಮೇಲೆ ವಾದವಿಲ್ಲ, ಹೊಟ್ಟೆ ತೆರೆಯಬೇಕು. ಕೈಯಲ್ಲಿ ಇಕ್ಕಳ ಹಿಡಿದವರಿಗೆ ಸಮಯ ತಿಳಿಯುವುದಿಲ್ಲ, ಹಟ ಮಾತ್ರ ಬೆಳೆಯುತ್ತದೆ ಎಂದು ಅವರಿಗೆ ತಮ್ಮ ಸ್ವಭಾವದಿಂದಲೇ ಗೊತ್ತಿತ್ತು.

ಬೆರಳಿಲ್ಲದ ಕೊರತೆಗೆ ಪರಿಹಾರ ಮಸಿ. ಚಿಕ್ಕ ಗಡ್ಡೆ ಕರುಳಿನ ಒಳಮೈಯಲ್ಲಿರುತ್ತದೆ. ಹೊರಗಿನಿಂದ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಆದ್ದರಿಂದ ಕೆಲವು ದಿನ ಮೊದಲು ಎಂಡೋಸ್ಕೋಪಿ ಡಾಕ್ಟರು ಗುದದ್ವಾರದಿಂದ ಕೊಳವೆ ತೂರಿಸಿ, ಗಡ್ಡೆಯ ಪಕ್ಕದ ಗೋಡೆಗೆ ಕಪ್ಪು ಮಸಿ ಚುಚ್ಚುತ್ತಾರೆ. ಆ ಕಪ್ಪು ಹೊರಮೈಗೂ ಮೂಡುತ್ತದೆ. ಈ ಆಸ್ಪತ್ರೆಯಲ್ಲಿ ಮಸಿಯನ್ನು ಯಾವಾಗಲೂ ಗಡ್ಡೆಯ ಕೆಳಗೆ, ಎಂದರೆ ಗುದದ್ವಾರದ ಕಡೆಗೆ ಹಾಕುವುದು ರೂಢಿ. ಕಪ್ಪು ಕಂಡರೆ ಗಡ್ಡೆ ಅದರ ಮೇಲ್ಗಡೆ ಇದೆ. ಕಪ್ಪಿನಿಂದ ಐದು ಸೆಂಟಿಮೀಟರ್ ಕೆಳಗೆ ಕತ್ತರಿಸಿದರೆ ಸಾಕು. ಎಲ್ಲರಿಗೂ ಗೊತ್ತಿದ್ದುದರಿಂದ ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಆಸ್ಪತ್ರೆಯ ಹಿಂಬಾಗಿಲಿಗೆ ದಿನವೂ ಬೆಳಗ್ಗೆ ಬ್ರೆಡ್ಡಿನ ಟ್ರೇಗಳನ್ನು ತಂದಿಳಿಸುತ್ತಿದ್ದ ಬೇಕರಿಯಮ್ಮ ರೋಗಿಯಾಗಿ ಮುಂಬಾಗಿಲಿಂದ ಬಂದದ್ದು ಆಮೇಲೆ. ಐವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಗಟ್ಟಿ ಗಂಟಲು. ಗಂಡ ತೀರಿಕೊಂಡ ಮೇಲೆ ತಮ್ಮನನ್ನು ಜೊತೆಗಿಟ್ಟುಕೊಂಡು ಒಲೆ ಆರದ ಹಾಗೆ ನೋಡಿಕೊಂಡವರು. ಕರುಳಿನ ಎಡಭಾಗದಲ್ಲಿ ಅಂಗಿಯ ಗುಂಡಿಯಷ್ಟು ಗಡ್ಡೆ, ಬೇಗ ಸಿಕ್ಕಿತ್ತು. ರಂಧ್ರದ ಆಪರೇಷನ್ನಿಗೆ ಹೇಳಿ ಮಾಡಿಸಿದಂಥ ಗಡ್ಡೆ ಎಂದು ಡಾಕ್ಟರಮ್ಮನವರಿಗೂ ಅನ್ನಿಸಿತು.

ತಮ್ಮನಿಗೆ ಮಾತ್ರ ಒಪ್ಪಿಗೆ ಇರಲಿಲ್ಲ. ತೂತಿನಿಂದ ನೋಡಿದರೆ ಎಷ್ಟು ಕಂಡೀತು, ಚೆನ್ನಾಗಿ ತೆರೆದು ಕಣ್ಣಾರೆ ನೋಡಿ ತೆಗೆಯಲಿ ಎಂದು ಅವನ ವಾದ. ಅಕ್ಕ ಅವನನ್ನು ಡಾಕ್ಟರಮ್ಮನ ಎದುರಿಗೇ ತರಾಟೆಗೆ ತೆಗೆದುಕೊಂಡರು.

"ನೀನು ಗಲ್ಲಾದ ಹತ್ರ ಕೂರೋನು, ನಿನಗೇನು? ಹಿಟ್ಟಿನ ಮೂಟೆ ಎತ್ತೋಳು ನಾನು. ಮೂರು ತಿಂಗಳು ನಾನು ಮಲಗಿದ್ರೆ ನೀನು ಮಾಡೋ ಬ್ರೆಡ್ಡಲ್ಲಿ ಜನ ಗೋಡೆ ಕಟ್ತಾರೆ."

ಮೂರು ತಿಂಗಳು ಒಲೆ ಆರಿದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ, ಹೋದವರು ಬರುವುದಿಲ್ಲ ಎಂದು ಬೇಕರಿಯಮ್ಮ ದನಿ ತಗ್ಗಿಸಿ ಹೇಳಿದಾಗ ಡಾಕ್ಟರಮ್ಮನವರಿಗೆ ಬಾಗಿಲು ಕಾಯುವ ಹಮಾಲಿಯ ನೆನಪಾಯಿತು. ಒಂದು ತಿಂಗಳಿಗೆ ಒಲೆಯ ಮುಂದೆ ನಿಲ್ಲಿಸುತ್ತೇನೆ ಎಂದರು. ಸಾಮಾನ್ಯವಾಗಿ ಅವರು ಹಾಗೆ ಮಾತು ಕೊಡುವವರಲ್ಲ.

ಆ ವಾರ ಎಂಡೋಸ್ಕೋಪಿ ಡಾಕ್ಟರು ರಜೆಯಲ್ಲಿದ್ದರು. ಅವರ ಬದಲಿಗೆ ಬಂದವರು ಮಸಿ ಹಾಕಿ, ಗಡ್ಡೆಯ ಹತ್ತಿರ ಗುರುತು ಮಾಡಲಾಗಿದೆ ಎಂದು ವರದಿ ಬರೆದರು. ಅವರು ಹಿಂದೆ ಇದ್ದ ಆಸ್ಪತ್ರೆಯಲ್ಲಿ ಮಸಿಯನ್ನು ಗಡ್ಡೆಯ ಮೇಲ್ಗಡೆ ಹಾಕುವುದು ರೂಢಿಯಾಗಿತ್ತು. ಡಾಕ್ಟರಮ್ಮ ವರದಿ ಓದಿದರು. ಎಲ್ಲಿ ಎಂದು ಕೇಳಲಿಲ್ಲ. ನೂರಾರು ಸಲ ಕೆಳಗೇ ಇದ್ದ ಮಸಿ ಈ ಸಲವೂ ಕೆಳಗೇ ಇರುತ್ತದೆ ಎಂದುಕೊಂಡರು.

ಬೆಳಗ್ಗೆ ಒಂಬತ್ತಕ್ಕೆ ಶುರುವಾದ ಕೆಲಸ ನೀರು ಹರಿದಂತೆ ಸಾಗಿತು. ಈಗ ಕ್ಯಾಮೆರಾ ಹಿಡಿದವರು ಶಿಷ್ಯ, ಇಕ್ಕಳ ಹಿಡಿದವರು ಗುರು. ಪರದೆಯ ಮೇಲೆ ಕಪ್ಪು ಕಲೆ ಸ್ಪಷ್ಟವಾಗಿ ಕಂಡಿತು. ರಕ್ತನಾಳ ಕಟ್ಟಿ, ಕರುಳನ್ನು ಬಿಡಿಸಿ, ಕಪ್ಪಿನಿಂದ ಐದು ಸೆಂಟಿಮೀಟರ್ ಕೆಳಗೆ, ಪಿನ್ನು ಹೊಡೆದು ಕರುಳಿನ ಬಾಯಿ ಮುಚ್ಚುವ ಸ್ಟೇಪ್ಲರ್ ಹಾಕಿ ಕತ್ತರಿಸಿದರು. ಚಿಕ್ಕ ಸೀಳಿನಿಂದ ತುಂಡು ಹೊರಬಂತು. ತುದಿಗಳನ್ನು ಸೇರಿಸುವುದಷ್ಟೇ ಬಾಕಿ. ಡಾಕ್ಟರಮ್ಮ ಎಂದಿನಂತೆ ಪಕ್ಕದ ಮೇಜಿಗೆ ಹೋದರು. ಕರುಳನ್ನು ಸೀಳಿದರು, ತೊಳೆದರು. ಗಡ್ಡೆ ಇರಬೇಕಾದ ಕಡೆ, ಕಪ್ಪಿನ ಮೇಲ್ಗಡೆ, ಒಳಮೈ ನುಣುಪಾಗಿತ್ತು. ಕೆಳಗೆ ಕತ್ತರಿ ಓಡಿಸಿದರು. ಕಟ್ಟಕಡೆಯ ಅಂಚಿನಲ್ಲಿ ಗುಂಡಿಯಷ್ಟು ಗಡ್ಡೆ ಕೂತಿತ್ತು. ಅಳತೆಪಟ್ಟಿ ಇಡುವ ಅಗತ್ಯವೇ ಇರಲಿಲ್ಲ. ಗಡ್ಡೆಗೂ ಅಂಚಿಗೂ ನಡುವೆ ಅರ್ಧ ಉಗುರಿನಷ್ಟು ಜಾಗ.

ಗಡ್ಡೆಯೇನೋ ಹೊರಗೆ ಬಂದಿತ್ತು. ತುದಿಗಳನ್ನು ಸೇರಿಸಿ ಮುಗಿಸಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪರೀಕ್ಷೆಯ ವರದಿ ಬರುವುದು ಹತ್ತು ದಿನದ ಮೇಲೆ, ಅಷ್ಟರಲ್ಲಿ ಬೇಕರಿಯಮ್ಮ ಮನೆಯಲ್ಲಿರುತ್ತಿದ್ದರು, ಕೊಟ್ಟ ಮಾತೂ ಉಳಿಯುತ್ತಿತ್ತು. ಡಾಕ್ಟರಮ್ಮ ಅದನ್ನು ಯೋಚಿಸಲೇ ಇಲ್ಲವೆಂದು ಬರೆದರೆ ಅವರೇ ಒಪ್ಪುವುದಿಲ್ಲ. ಯೋಚಿಸಿದೆ, ಎರಡು ಉಸಿರಿನಷ್ಟು ಹೊತ್ತು ಯೋಚಿಸಿದೆ ಎಂದು ಅವರೇ ಮುಂದೆ ಎಷ್ಟೋ ಮಂದಿ ಕಿರಿಯರಿಗೆ ಹೇಳಿದ್ದುಂಟು.

ಇಷ್ಟು ಸಾಲದು ಎಂದು ಮರಳಿ ದೊಡ್ಡ ಮೇಜಿಗೆ ಬಂದರು. ಉಳಿದ ಕೆಳತುದಿಯಿಂದ ಇನ್ನೊಂದು ಉಂಗುರ ಕತ್ತರಿಸಬೇಕು. ಆದರೆ ಅದು ಈಗ ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಿಗೆ ಜಾರಿಕೊಂಡಿತ್ತು. ಸ್ಟೇಪ್ಲರಿನ ಬಾಯಿ ಓರೆಯಾಗಿ ಕೂರುತ್ತಿತ್ತು, ತೆಗೆದು ಮತ್ತೆ ಇಟ್ಟರೆ ಮತ್ತೆ ಓರೆ.

"ಮೇಡಂ, ಇಪ್ಪತ್ತಾಯ್ತು" ಎಂದರು ಹಿರಿಯ ಸಿಸ್ಟರ್.

"ಇನ್ನೊಂದು ಸಲ ನೋಡೋಣ ಮೇಡಂ, ಈ ಸಲ ಕೂರತ್ತೆ" ಎಂದರು ಶಿಷ್ಯ. ಅವರಿಗೂ ಗುರುಗಳು ಕೊಟ್ಟ ಮಾತು ಗೊತ್ತಿತ್ತು.

"ಸಿಸ್ಟರ್ ಹೇಳಿದ್ದು ಕೇಳಿಸ್ತಲ್ಲ" ಎಂದರು ಡಾಕ್ಟರಮ್ಮ. "ದೊಡ್ಡ ಟ್ರೇ ತನ್ನಿ."

ಒಂದು ಗೇಣು ತೆರೆದರು. ಕೈ ಒಳಗೆ ಹೋಯಿತು. ಇಕ್ಕಟ್ಟಿನಲ್ಲಿ ಕಣ್ಣಿಗೆ ಕಾಣದ್ದನ್ನು ಬೆರಳುಗಳು ಕ್ಷಣದಲ್ಲಿ ಹಿಡಿದು ಮೇಲೆತ್ತಿದವು. ಬಹಳ ದಿನದ ಮೇಲೆ ತಮ್ಮ ಮನೆಗೆ ಬಂದವರಂತೆ ಬೆರಳುಗಳಿಗೆ ಒಂದು ಗಳಿಗೆ ಸುಖವಾದದ್ದೂ, ಆ ಸುಖಕ್ಕೆ ಆ ಹೆಂಗಸು ಕೊಡುತ್ತಿರುವ ಬೆಲೆ ನೆನೆದು ನಾಚಿಕೆಯಾದದ್ದೂ ಎರಡೂ ನಿಜ. ನಾಲ್ಕು ಬೆರಳಗಲದ ಉಂಗುರ ತೆಗೆದು, ತುದಿಗಳನ್ನು ಸೇರಿಸಿ, ಹೊಟ್ಟೆಯನ್ನು ಪದರ ಪದರವಾಗಿ ತಾವೇ ಹೊಲಿದರು. ಆ ಕೆಲಸವನ್ನು ಕಿರಿಯರಿಗೆ ಬಿಡಲಿಲ್ಲ.

ಕಾಗದದಲ್ಲಿ ತಾಂತ್ರಿಕ ಕಾರಣದಿಂದ ಎಂದು ಬರೆದರೆ ಸಾಕೆಂದು ಮೇಲ್ವಿಚಾರಕರು ಸಲಹೆ ಕೊಟ್ಟರು. ಡಾಕ್ಟರಮ್ಮ ನಡೆದದ್ದನ್ನು ನಡೆದ ಹಾಗೆಯೇ ಬರೆದರು. ಮಸಿ ಹಾಕಿದ ಡಾಕ್ಟರು ಬಂದು, ಕೇಳಿದ್ದರೆ ಹೇಳುತ್ತಿದ್ದೆ ಎಂದು ಕೈ ಹಿಸುಕಿಕೊಂಡರು. ಅದು ಸತ್ಯವೇ ಆದ್ದರಿಂದ ಡಾಕ್ಟರಮ್ಮ ಅವರನ್ನು ಬೈಯಲಿಲ್ಲ. ಮರುದಿನ ಬೆಳಗ್ಗೆ ಏಳೂವರೆಗೆ ವಾರ್ಡಿಗೆ ಹೋದರು. ಬೇಕರಿಯಮ್ಮ ಆಗಲೇ ಹೊದಿಕೆಯ ಕೆಳಗೆ ಕೈಯಿಟ್ಟು ಬ್ಯಾಂಡೇಜಿನ ಉದ್ದ ಅಳೆದುಕೊಂಡಾಗಿತ್ತು. ತಮ್ಮ ಗೋಡೆಗೊರಗಿ, ನಾನು ಮೊದಲೇ ಹೇಳಲಿಲ್ಲವೇ ಎಂಬ ಮುಖ ಮಾಡಿಕೊಂಡು ನಿಂತಿದ್ದ. ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತರು.

"ಮಾತು ತಪ್ಪಿದೆ ಕಣಮ್ಮ. ಗುರುತಿನ ಮಸಿ ಗಡ್ಡೆಯ ಯಾವ ಕಡೆಗಿದೆ ಅಂತ ನಾನು ಕೇಳಬೇಕಿತ್ತು, ಕೇಳಲಿಲ್ಲ. ಅದಕ್ಕೇ ತೆರೀಬೇಕಾಯ್ತು. ತಪ್ಪು ನನ್ನದು."

ಬೇಕರಿಯಮ್ಮ ಹೊದಿಕೆಯ ಕೆಳಗಿಂದ ಕೈ ಹೊರತೆಗೆದರು. "ಗಡ್ಡೆ ಪೂರ್ತಿ ಹೋಯ್ತಾ?"

"ಹೋಯ್ತು."

"ಹಾಗಾದ್ರೆ ಉಳಿದಿದ್ದಕ್ಕೆ ಆಮೇಲೆ ಜಗಳ ಆಡ್ತೀನಿ. ಈಗ ಬೈಯೋಕೂ ಆಗಲ್ಲ, ಹೊಟ್ಟೆ ಎಳೆಯತ್ತೆ."

ಜಗಳವನ್ನು ಅವರು ಮರೆಯಲಿಲ್ಲ. ಹತ್ತು ದಿನದ ಮೇಲೆ ವರದಿ ಬಂತು. ಎರಡನೆಯ ಸಲ ತೆಗೆದ ಉಂಗುರದಲ್ಲಿ ರೋಗದ ಕುರುಹೇ ಇರಲಿಲ್ಲ, ಗಂಟುಗಳೂ ಶುದ್ಧ. ಡಾಕ್ಟರಮ್ಮ ಅದನ್ನೂ ಮುಚ್ಚಿಡದೆ ಓದಿ ಹೇಳಿದರು. ಹಾಗಾದರೆ ಸುಮ್ಮನೆ ಕೊಯ್ದಿರಾ ಎಂದು ಬೇಕರಿಯಮ್ಮ ಕೇಳಿದರು. ಅಲ್ಲಿ ರೋಗ ಇಲ್ಲವೆಂದು ತಿಳಿಯಬೇಕಾದರೆ ಕೊಯ್ಯಲೇಬೇಕಿತ್ತು ಎಂದರು ಡಾಕ್ಟರಮ್ಮ. ಆ ಉತ್ತರ ಬೇಕರಿಯಮ್ಮನಿಗೆ ಪೂರ್ತಿ ಹಿಡಿಸಿತೋ ಇಲ್ಲವೋ, ಆದರೆ ಅವರು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಎದ್ದು ಕೂತು ಜಗಳಕ್ಕೆ ಇಳಿದರು.

"ನಮ್ಮ ಬೇಕರಿಯಲ್ಲಿ ಹಿಟ್ಟು ಒಲೆಗೆ ಹೋಗೋ ಮುಂಚೆ ನಾನು ಕೂಗ್ತೀನಿ, ಉಪ್ಪು ಬಿತ್ತಾ ಅಂತ. ಉಪ್ಪು ಹಾಕಿದವನೇ ಉತ್ತರ ಕೊಡಬೇಕು. ಪಕ್ಕದಲ್ಲಿರೋನು ಹ್ಞೂಂ ಅಂದ್ರೆ ನಾನು ಒಪ್ಪಲ್ಲ. ಒಂದ್ಸಲ ಹಾಗೆ ಒಪ್ಪಿ ಇನ್ನೂರು ಬ್ರೆಡ್ಡು ಹಸುಗಳಿಗೆ ಹಾಕಿದೀನಿ. ಬ್ರೆಡ್ಡಿಗೇ ಇಷ್ಟು ಕೂಗ್ತೀವಿ, ನೀವು ಹೊಟ್ಟೆಗೆ ಯಾಕೆ ಕೂಗಲ್ಲ?"

ಇದಕ್ಕೆ ಡಾಕ್ಟರಮ್ಮ ಉತ್ತರವನ್ನು ಮಾಡಿ ತೋರಿಸಿದರು. ಮುಂದಿನ ಸೋಮವಾರದಿಂದ ಥಿಯೇಟರಿನ ಬಿಳಿ ಹಲಗೆಯ ಮೇಲೆ ಒಂದು ಸಾಲು ಬಂತು: ಮಸಿ ಮೇಲೋ ಕೆಳಗೋ? ರೋಗಿಗೆ ಅರಿವಳಿಕೆ ಕೊಡುವ ಮೊದಲು ಡಾಕ್ಟರಮ್ಮ ಅದನ್ನು ಗಟ್ಟಿಯಾಗಿ ಕೇಳುತ್ತಿದ್ದರು. ಮಸಿ ಹಾಕಿದವರೇ ಥಿಯೇಟರಿಗೆ ಬಂದು, ಬರಲಾಗದಿದ್ದರೆ ಫೋನಿನಲ್ಲಿ, ಎಲ್ಲರಿಗೂ ಕೇಳುವಂತೆ ಉತ್ತರಿಸಬೇಕು. ವರದಿಯಲ್ಲಿದೆ ಎಂದರೆ ನಡೆಯುತ್ತಿರಲಿಲ್ಲ. ಥಿಯೇಟರಿನವರು ಅದಕ್ಕೆ ಉಪ್ಪಿನ ಪ್ರಶ್ನೆ ಎಂದು ಹೆಸರಿಟ್ಟರು. ಹೊಸದಾಗಿ ಸೇರಿದ ಸಿಸ್ಟರುಗಳು, ಇಲ್ಲಿ ಹೊಟ್ಟೆಗೆ ಯಾಕೆ ಉಪ್ಪು ಹಾಕುತ್ತಾರೆ ಎಂದು ಗಾಬರಿಯಿಂದ ಕೇಳಿದ್ದೂ ಉಂಟು.

ಅಂದಿನಿಂದ ನಿವೃತ್ತಿಯವರೆಗಿನ ಹನ್ನೊಂದು ವರ್ಷಗಳಲ್ಲಿ ಡಾಕ್ಟರಮ್ಮ ಆರುನೂರಕ್ಕೂ ಹೆಚ್ಚು ಮಂದಿಯ ಕರುಳಿನ ಗಡ್ಡೆಗಳನ್ನು ರಂಧ್ರದ ಮೂಲಕ ತೆಗೆದಿದ್ದಾರೆ. ಹತ್ತರಲ್ಲಿ ಒಬ್ಬರಿಗೆ ನಡುವೆ ಹೊಟ್ಟೆ ತೆರೆದಿದ್ದಾರೆ, ಅದನ್ನು ಸೋಲೆಂದು ಎಣಿಸಿಲ್ಲ. ಎರಡು ಸಲ ಉಪ್ಪಿನ ಪ್ರಶ್ನೆಗೆ, ಮೇಲೆ ಹಾಕಿದ್ದೇನೆ ಎಂಬ ಉತ್ತರ ಬಂದಿದೆ. ಆ ಇಬ್ಬರು ರೋಗಿಗಳಿಗೆ ತಾವು ಯಾವುದರಿಂದ ಪಾರಾದೆವೆಂಬುದು ಇಂದಿಗೂ ತಿಳಿಯದು. ಹಮಾಲಿ, ಬಡಗಿ, ಅಗಸ, ಕೂಸುಗಳ ತಾಯಂದಿರು, ಹೀಗೆ ಹೊಟ್ಟೆಯ ಬಲದಿಂದಲೇ ಬದುಕಬೇಕಾದವರು ತಿಂಗಳೊಳಗೆ ತಮ್ಮ ಕೆಲಸಕ್ಕೆ ಮರಳಿದ್ದಾರೆ. ಪಕ್ಕದ ಮೇಜು ಈಗ ಆಸ್ಪತ್ರೆಯ ಮೂರೂ ಥಿಯೇಟರುಗಳಲ್ಲಿದೆ.

ಕಳೆದ ತಿಂಗಳು ಅವರ ಕೊನೆಯ ಆಪರೇಷನ್ ಎಂದು ಎಲ್ಲರೂ ಸೇರಿದ್ದಾಗ, ಡಾಕ್ಟರಮ್ಮ ಕೈ ತೊಳೆದು ಬಂದು ಶಿಷ್ಯರ ಎಡಕ್ಕೆ ನಿಂತು ಕ್ಯಾಮೆರಾ ಕೇಳಿ ಪಡೆದರು. ಈ ದಾರಿಗೆ ಬಂದದ್ದು ಕ್ಯಾಮೆರಾ ಹಿಡಿದು, ಹೋಗುವುದೂ ಹಾಗೆಯೇ ಎಂದರು. ಎರಡೂ ಕಾಲು ಗಂಟೆ ಪರದೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಅದಕ್ಕೂ ಮೊದಲು, ಅರಿವಳಿಕೆ ಕೊಡುವ ಮುನ್ನ, ಉಪ್ಪಿನ ಪ್ರಶ್ನೆಯನ್ನು ಶಿಷ್ಯರು ಕೇಳಿದ್ದರು. ಕೆಳಗೆ, ನಾನೇ ಹಾಕಿದ್ದು, ಎಂದು ಬಾಗಿಲ ಬಳಿಯಿಂದ ಎಂಡೋಸ್ಕೋಪಿ ಡಾಕ್ಟರ ಉತ್ತರ ಬಂದಿತ್ತು. ಹಿರಿಯ ಸಿಸ್ಟರ್ ನಿವೃತ್ತರಾಗಿ ಎರಡು ವರ್ಷವಾಗಿದ್ದರೂ ಅಂದು ಬಂದು ಗಡಿಯಾರದ ಕೆಳಗೆ ನಿಂತಿದ್ದರು. ಹೊರಗೆ ಬಂದಾ‌ಗ ಕಾಫಿಯ ಜೊತೆಗೆ ಬೇಕರಿಯಮ್ಮ ಕಳಿಸಿದ ಬ್ರೆಡ್ಡಿತ್ತು. ಜೊತೆಗಿದ್ದ ಚೀಟಿಯಲ್ಲಿ, ಉಪ್ಪು ನಾನೇ ಹಾಕಿದ್ದೇನೆ ಎಂದು ಬರೆದಿತ್ತು.

ಮುಂದಿನ ತಿಂಗಳಿಂದ ಡಾಕ್ಟರಮ್ಮ ವಾರಕ್ಕೆರಡು ದಿನ ಬಂದು ಕಿರಿಯರಿಗೆ ರಟ್ಟಿನ ಪೆಟ್ಟಿಗೆಯ ಮೇಲೆ ಕಲಿಸುವುದಾಗಿ ಒಪ್ಪಿದ್ದಾರೆ. ಬಿದ್ದ ಬೀಜಗಳನ್ನು ಎಣಿಸುವ ಕೆಲಸ ಇನ್ನು ಅವರದು. ಅತ್ತೆಯವರಂತೆ ಅವರೂ ತೊಂಬತ್ತು ದಾಟಿ, ಕಣ್ಣು ಕಿವಿ ನಾಲಗೆ ಮೂರೂ ಚುರುಕಾಗಿದ್ದು, ನಮ್ಮ ತಪ್ಪುಗಳನ್ನು ಎಣಿಸುತ್ತಿರಲಿ ಎಂಬುದು ಈ ಆಸ್ಪತ್ರೆಯ ಎಲ್ಲರ ಹಾರೈಕೆ.

ಕೊನೆಗೆ ಲೆಕ್ಕ ಒಪ್ಪಿಸುವುದಾದರೆ ಇಷ್ಟು. ಡಾಕ್ಟರಮ್ಮ ಕಳೆದುಕೊಂಡದ್ದು ಬೆರಳಿನ ನೋಟ. ಅದು ಮರಳಿ ಬರಲಿಲ್ಲ. ಬೇಕರಿಯಮ್ಮ ಕಳೆದುಕೊಂಡದ್ದು ಹನ್ನೊಂದು ವಾರದ ಒಲೆ, ಮೂವರು ಹಳೆಯ ಗಿರಾಕಿಗಳು, ಒಂದು ಗೇಣು ನುಣುಪು ಹೊಟ್ಟೆ. ಅವರಿಗೆ ಉಳಿದದ್ದು ಈವರೆಗೆ ಹನ್ನೊಂದು ವರ್ಷ, ರೋಗ ಮರಳಿಲ್ಲ, ಮೂಟೆಯನ್ನು ಅವರೇ ಎತ್ತುತ್ತಾರೆ.